ಎದುರಿನ ಚಾಪೆಯಿಂದ ಬಂದ ಆಮೆನ್

ಇದು ನಡೆದದ್ದು. ಎಲ್ಲೋ ಕೇಳಿದ್ದನ್ನು ನನ್ನದೆಂದು ಹೇಳುತ್ತಿಲ್ಲ. ಹಾಗಂತ ನನ್ನ ನೆನಪಿನ ಮೇಲೆ ನನಗೆ ಪೂರ್ತಿ ಭರವಸೆ ಇದೆಯೆಂದೂ ಅಲ್ಲ. ದಿನಚರಿ ಬರೆಯುವ ಚಟ ನನಗೆ ಕಾಲೇಜಿನಿಂದ ಅಂಟಿಕೊಂಡದ್ದು. ಬರೆಯುವಾಗಲೇ ನಡೆದದ್ದು ಒಂದಿಷ್ಟು ಬೇರೆಯಾಗಿಬಿಡುತ್ತದೆ ಎನ್ನುವುದು ಬರೆಯುವವನಿಗೇ ಚೆನ್ನಾಗಿ ಗೊತ್ತು. ಆದ್ದರಿಂದ ಸಂಶಯ ಇದ್ದಲ್ಲಿ ಸಂಶಯ ಇದೆ ಎಂದೇ ಹೇಳುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಸಂಶಯವಿಲ್ಲ. ಆ ಖೋಲಿಯಲ್ಲಿ ನಾನೊಬ್ಬನೇ ಇದ್ದೆ... ಆದರೂ ನನ್ನ ಪ್ರಾರ್ಥನೆಗೆ ಇನ್ನೊಬ್ಬರು ಆಮೆನ್ ಹೇಳಿದರು.

ಎಪ್ಪತ್ತರ ದಶಕದ ಮಾತು. ನಾನು ಹೈದರಾಬಾದಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ನಮ್ಮದು ನಾಗಲಗಿದ್ದದ ಹತ್ತಿರದ ಒಂದು ಹಳ್ಳಿ, ಮೂರು ತಲೆಮಾರಿನ ಕ್ರೈಸ್ತ ಮನೆತನ. ಆದರೆ ನಿಜವಾದ ಭಕ್ತಿ ಎಂದರೇನು ಎಂದು ನನಗೆ ಗೊತ್ತಾದದ್ದು ವಿಶ್ವವಿದ್ಯಾಲಯದ ಪ್ರಾರ್ಥನಾ ಕೂಟದಲ್ಲಿ. ಸಂಜೆ ಹಾಸ್ಟೆಲಿನ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಇಬ್ಬಿಬ್ಬರಾಗಿ ಎದುರುಬದುರು ಕೂಡುತ್ತಿದ್ದೆವು. ಒಬ್ಬ ಬೇಡಿಕೊಳ್ಳಬೇಕು, ಎದುರಿಗಿದ್ದವನು ಆಮೆನ್ ಅನ್ನಬೇಕು. ಹಾಗೇ ಆಗಲಿ ಎಂದು ಅದರ ಅರ್ಥ. ಆ ಎರಡನೆಯವನ ಬಾಯಿಂದ ಆ ಮಾತು ಬಂದ ಮೇಲೆಯೇ ಬೇಡಿಕೆ ಪೂರ್ತಿಯಾಯಿತೆಂದು ನಮ್ಮ ಕೂಟದ ರೂಢಿ.

ಓದಿನ ಕೊನೆಯ ವರ್ಷಕ್ಕೆ ಬಂದವರಿಗೆಲ್ಲ ಒಂದು ಬುದ್ಧಿಮಾತು ಇರುತ್ತಿತ್ತು. ನನಗೆ ಹೇಳಿದವರು ಅಬ್ರಾಹಮಣ್ಣ, ಜಹೀರಾಬಾದ್ ಕಡೆಯವರು, ಕೂಟದಲ್ಲಿ ಎಲ್ಲರಿಗಿಂತ ಹಿರಿಯರು.

"ಇಲ್ಲಿ ಇದ್ದಾಗ ಎಲ್ಲರೂ ಭಕ್ತರೇ ನೋಡು. ಊರಿಗಿ ಹೋದ ಮ್ಯಾಲ ನೌಕರಿ, ಮದಿವಿ, ಹೊಲ, ಮನಿ... ವರ್ಷ ತುಂಬೋದ್ರಾಗ ಬೈಬಲ್ ಮ್ಯಾಲ ಧೂಳ ಕೂಡ್ತದ."

"ಹಂಗಾದ್ರ ಏನ್ ಮಾಡ್ಲಿ ಅಣ್ಣಾ?"

"ಒಬ್ಬ ಜೊತೆಗಾರಗ ಹುಡುಕು. ಸಿಗೋತನಕ ಎದುರಿಗಿ ಇನ್ನೊಂದು ಚಾಪಿ ಹಾಸು. ಖಾಲಿ ಇದ್ರೂ ಹಾಸು. ನೀ ಒಬ್ಬನೇ ಅಲ್ಲ ಅಂತ ನೆನಪಿರ್ತದ."

"ಅದ್ರ ಮ್ಯಾಲ ಯಾರು ಬಂದು ಕೂಡ್ತಾರ?"

"ಬರೋರು ಬರ್ತಾರ. ನೀ ಹಾಸೋದು ಬಿಡಬ್ಯಾಡ," ಎಂದು ನಕ್ಕರು. ನಾನೂ ನಕ್ಕೆ.

ಆ ನಗು ನನಗೆ ಬಹಳ ದಿನ ಉಳಿಯಲಿಲ್ಲ. ಕೊನೆಯ ಪರೀಕ್ಷೆಗೆ ಮುಂಚೆ ನನ್ನ ತಮ್ಮ ಸತ್ತ.

ಅವನ ಹೆಸರು ಸಮುವೇಲ. ಮನೆಯಲ್ಲಿ ಸಾಮು. ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದ. ಬಂಡೆ ಸಿಡಿಸುವ ಮೊದಲು ಖಣಿಯಲ್ಲಿ ಒಬ್ಬ ಕೆಂಪು ಬಟ್ಟೆ ಬೀಸಿ ಕೂಗಬೇಕು, ಎಲ್ಲರೂ ಮೇಲೆ ಹತ್ತಿದ ಮೇಲೆಯೇ ಬತ್ತಿಗೆ ಬೆಂಕಿ. ಅವತ್ತು ಯಾರೂ ಕೂಗಲಿಲ್ಲವಂತೆ. ಲಾರಿ ಕಾಯುತ್ತಿತ್ತು, ಗುತ್ತಿಗೆದಾರ ಮಾಣಿಕಪ್ಪನಿಗೆ ಅವಸರ ಇತ್ತು ಎಂದು ಕೂಲಿಗಳು ಗುಸುಗುಸು ಮಾತಾಡಿಕೊಂಡರು. ಆದರೆ ಪೊಲೀಸರ ಮುಂದೆ ಅವರ್ಯಾರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವನು ಮಾಣಿಕಪ್ಪ ಒಬ್ಬನೇ.

"ಕೂಗಿದ್ರು ಸಾಹೇಬ್ರ. ಹುಡುಗ ಕುಡದಿದ್ದ. ಏಳಲಿಲ್ಲ."

ಸಾಮು ಹನಿ ಸೆರೆ ಮುಟ್ಟಿದವನಲ್ಲ. ಆದರೆ ಆ ಮಾತು ನಾರಾಯಣಖೇಡ ದಾಟಿ ನಮ್ಮ ಹಳ್ಳಿಯ ತನಕ ಬಂತು. ನಮ್ಮ ಸಭೆಯ ಹಿರಿಯರು ತಲೆ ತಗ್ಗಿಸಿ, ಕುಡಿದು ಸತ್ತವನನ್ನು ಪ್ರಾರ್ಥನೆಯ ಗುಡಿಯೊಳಗೆ ತರುವುದು ಬೇಡ, ಸೀದಾ ಹೊರಗಿಂದಲೇ ಒಯ್ಯೋಣ ಎಂದರು. ಸತ್ತವರಿಗೆ ಬಾರಿಸುವ ಗಂಟೆಯನ್ನೂ ಬಾರಿಸಲಿಲ್ಲ. ಅವ್ವ ಹೆಣದ ಹಿಂದೆ ನಡೆಯುತ್ತ ಅತ್ತಿತ್ತ ನೋಡುತ್ತಿದ್ದಳು, ಗಂಟೆ ಈಗ ಬಾರಿಸುತ್ತಾರೆ, ಈಗ ಬಾರಿಸುತ್ತಾರೆ ಎನ್ನುವ ಹಾಗೆ...

ಆ ಮಾತನ್ನು ಮಾಣಿಕಪ್ಪನ ಬಾಯಿಂದಲೇ ವಾಪಸ್ಸು ತೆಗೆಸಬೇಕು. ಇಲ್ಲವೇ ಆ ಬಾಯಿ ಹಾಳಾಗಬೇಕು. ನನ್ನೊಳಗೆ ಇದ್ದದ್ದು ಇವೆರಡೇ. ತಾಂಡೂರಿನಲ್ಲೇ ಶಾಲೆ ಮಾಸ್ತರಿಕೆ ಹಿಡಿದದ್ದೂ ಅದಕ್ಕೇ ಇರಬೇಕು. ಆಗ ಮಾತ್ರ ದೇವರ ಚಿತ್ತ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಬಾಡಿಗೆಗೆ ಸಿಕ್ಕ ಖೋಲಿ ಊರ ಹೊರಗಿತ್ತು, ನೀರು ತುಂಬಿ ಬಿಟ್ಟುಹೋದ ಹಳೆಯ ಖಣಿಯ ದಂಡೆಗೆ. ಗೋಡೆ ಫರ್ಸಿ, ಮಾಳಿಗೆ ಫರ್ಸಿ, ನೆಲ ಫರ್ಸಿ. ಒಳಗೆ ಕೆಮ್ಮಿದರೆ ಕಲ್ಲುಗಳೆಲ್ಲ ಕೆಮ್ಮಿದ ಹಾಗೆ. ಹಿಂದಿನ ಗೋಡೆಗೆ ಹತ್ತಿಕೊಂಡು ಕುರಿದೊಡ್ಡಿ. ಮನೆ ಒಡತಿ ಗಂಗಮ್ಮ, ದೌಲತಾಬಾದ್ ಕಡೆಯ ಕುರಿ ಸಾಕುವ ಮನೆತನದ ಮುದುಕಿ. ಗಂಡ ಮಕ್ಕಳು ಹಿಂಡು ಹೊಡಕೊಂಡು ತಿಂಗಳುಗಟ್ಟಲೆ ಹೊರಗೆ, ಆಕೆ ಮರಿಗಳ ಜೊತೆ ಮನೆಯಲ್ಲಿ. ನಾನು ಆಕೆಯನ್ನು ಆಯಿ ಎನ್ನುತ್ತಿದ್ದೆ.

ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಭಾನುವಾರದ ಆರಾಧನೆಯೂ ತೆಲುಗಿನಲ್ಲೇ. ಕನ್ನಡದಲ್ಲಿ ನನ್ನ ಜೊತೆ ಪ್ರಾರ್ಥಿಸಲು ಒಬ್ಬನೂ ಸಿಗಲಿಲ್ಲ. ಅಬ್ರಾಹಮಣ್ಣ ಹೇಳಿದಂತೆ ಸಂಜೆ ಕಂದೀಲು ಹಚ್ಚಿ ಎರಡು ಚಾಪೆ ಹಾಸುತ್ತಿದ್ದೆ. ಒಂದರ ಮೇಲೆ ನಾನು, ಇನ್ನೊಂದು ಖಾಲಿ. ಅವ್ವನ ಮೊಣಕಾಲು ನೋವಿಗಾಗಿ, ಶಾಲೆಯ ಮಕ್ಕಳಿಗಾಗಿ, ಕೂಟದ ಗೆಳೆಯರಿಗಾಗಿ ಬೇಡುತ್ತಿದ್ದೆ. ಮಾತು ಬಾಯಿಂದ ಹೊರಟು ಫರ್ಸಿಯ ಮೇಲೆ ಬಿದ್ದು ಅಲ್ಲೇ ಉಳಿದಂತೆ ಅನಿಸುತ್ತಿತ್ತು. ನಂಬಿಕೆ ಆರುತ್ತಿದೆ ಎಂದರೆ ಇದೇ ಎಂದು ಅಂಜಿಕೆಯಾಯಿತು. ತಮ್ಮ ಹೋದ, ಇನ್ನು ಇದೂ ಹೋದರೆ ನನಗೆ ಏನು ಉಳಿಯಿತು?

ಹೀಗಿರುವಾಗ ಒಂದು ಸಂಜೆ ಬಸ್‌ಸ್ಟ್ಯಾಂಡಿನ ಚಾ ಹೋಟೆಲಿನಲ್ಲಿ ಮಾಣಿಕಪ್ಪ ಎದುರಾದ. ನಾಲ್ಕು ಮಂದಿ ಗೆಳೆಯರ ನಡುವೆ ಕೂತಿದ್ದ.

"ಯಾರದು, ಸಾಮ್ಯಾನ ಅಣ್ಣ ಅಲ್ಲೇನು? ಬಾ ಮಾಸ್ತರ, ಕೂಡು. ಚಾ ಕುಡೀತಿಯೋ... ಇಲ್ಲಾ ತಮ್ಮನಂಗ ಬ್ಯಾರೇದೇ ಬೇಕೋ?"

ಸುತ್ತಲಿದ್ದವರು ನಕ್ಕರು.

"ನನ್ನ ತಮ್ಮ ಕುಡೀತಿದ್ದಿಲ್ರಿ."

"ಹಾಂ ಹಾಂ. ಸತ್ತೋರೆಲ್ಲ ಸಂತರೇ ಬಿಡು," ಎಂದು ಕಪ್ಪಿನಿಂದ ಬಸಿಗೆ ಚಾ ಸುರಿದುಕೊಂಡ.

ಖೋಲಿಗೆ ಹೇಗೆ ಬಂದೆನೋ ನೆನಪಿಲ್ಲ. ಚಾಪೆ ಹಾಸಿದ್ದು ನೆನಪಿದೆ. ಅವ್ವ, ಮಕ್ಕಳು, ಗೆಳೆಯರು ಯಾರೂ ನಾಲಿಗೆಗೆ ಬರಲಿಲ್ಲ.

"ಸ್ವಾಮೀ, ಆ ಬಾಯಿ ಬಿದ್ದು ಹೋಗಲಿ. ನನ್ನ ತಮ್ಮನ ಮೇಲೆ ಸುಳ್ಳು ಹೇಳಿದ ಆ ನಾಲಿಗೆ ಸತ್ತು ಹೋಗಲಿ," ಎಂದೆ.

ಕಂದೀಲು ಅಲ್ಲಾಡಲಿಲ್ಲ. ಗಾಳಿ ಇರಲಿಲ್ಲ.

"ಆಮೆನ್."

ತಗ್ಗು ದನಿ. ಗೋಡೆಯಾಚೆಯಿಂದಲ್ಲ, ಮಾಳಿಗೆಯಿಂದಲ್ಲ. ಎದುರಿನಿಂದ. ಕೂತ ಮನುಷ್ಯನ ಬಾಯಿ ಎಷ್ಟು ಎತ್ತರಕ್ಕಿರುತ್ತದೋ ಅಷ್ಟೇ ಎತ್ತರದಿಂದ...

ಕಣ್ಣು ತೆರೆದೆ. ಚಾಪೆ ಖಾಲಿ. ಆದರೆ ವಾಸನೆ ಇತ್ತು. ಬಂಡೆ ಸಿಡಿಸುವ ಬಾರೂದು ಸುಟ್ಟ ಘಾಟು, ಅದರ ಕೆಳಗೆ ಹಸಿ ಕಲ್ಲುಪುಡಿಯ ವಾಸನೆ.

ಹೆದರಿ ಹೊರಗೆ ಓಡಿದೆ ಎಂದು ಬರೆದರೆ ಓದುವವರಿಗೆ ಸರಿಯೆನಿಸುತ್ತದೆ. ಆದರೆ ನಾನು ಓಡಲಿಲ್ಲ. ಹೆದರಿಕೆಗಿಂತ ಮೊದಲು ಬಂದದ್ದು ಸಂತೋಷ. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನನ್ನ ಪ್ರಾರ್ಥನೆಯನ್ನು ಯಾರೋ ಕೇಳಿದ್ದರು.

ಕಲ್ಲುಖೋಲಿ, ನನ್ನದೇ ದನಿ ತಿರುಗಿ ಬಂದಿರಬೇಕು ಎಂದು ಆಮೇಲೆ ಯೋಚಿಸಿದೆ. ವಿಜ್ಞಾನ ಓದಿದವನು, ಪರೀಕ್ಷೆ ಮಾಡದೆ ಬಿಡಲಿಲ್ಲ. ಮರುಸಂಜೆ ಅವ್ವನಿಗಾಗಿ ಬೇಡಿದೆ. ಸುಮ್ಮನಿತ್ತು. ಮಕ್ಕಳಿಗಾಗಿ ಬೇಡಿದೆ. ಸುಮ್ಮನಿತ್ತು. ಬೇಕೆಂದೇ ಗಟ್ಟಿಯಾಗಿ ಬೇಡಿದೆ, ಕಲ್ಲುಗಳು ಗುಂಯ್ ಎಂದವು, ಅಷ್ಟೇ. ಆಮೇಲೆ ದನಿ ತಗ್ಗಿಸಿ, ಹೆಚ್ಚುಕಡಿಮೆ ತುಟಿಯಲ್ಲೇ, "ಮಾಣಿಕಪ್ಪನ ನಾಲಿಗೆ..." ಎಂದೆ.

"ಆಮೆನ್."

ಮಾತು ಮುಗಿಯುವುದಕ್ಕೂ ಕಾಯಲಿಲ್ಲ ಅದು.

ಸಾಮುವೇ ಇರಬೇಕು ಎಂದು ನಾನು ನನಗೇ ಹೇಳಿಕೊಂಡೆ. ಬಾರೂದಿನ ವಾಸನೆ ಇನ್ನಾರಿಂದ ಬರಬೇಕು? ಅವನ ಮೇಲಿನ ಸುಳ್ಳಿಗೆ ಅವನೇ ನ್ಯಾಯ ಕೇಳುತ್ತಿದ್ದಾನೆ, ತಪ್ಪೇನು? ಆದರೆ ಸಾಮುವಿನ ದನಿ ಸಣ್ಣದು, ಮಾತಾಡಿದರೆ ನಗು ಬೆರೆತಿರುತ್ತಿತ್ತು. ಈ ದನಿಗೆ ವಯಸ್ಸೇ ಇರಲಿಲ್ಲ. ಅದನ್ನು ಬಹಳ ಯೋಚಿಸಬಾರದೆಂದು ಬಿಟ್ಟುಬಿಟ್ಟೆ.

ಸಂಜೆಯಾಗುವುದನ್ನು ಕಾಯತೊಡಗಿದೆ. ಶಾಲೆಯಲ್ಲಿ ಉತ್ಸಾಹ, ಊಟಕ್ಕೆ ರುಚಿ. ಬೈಬಲ್ ಮೇಲೆ ಧೂಳು ಕೂಡಲಿಲ್ಲ. ಅಬ್ರಾಹಮಣ್ಣ ಕಂಡಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದರು.

ಒಂದು ಬೆಳಿಗ್ಗೆ ಗಂಗಮ್ಮ ಮರಿಗಳನ್ನೆಲ್ಲ ಹಿಂದಿನ ದೊಡ್ಡಿಯಿಂದ ಬಿಡಿಸಿ ಅಂಗಳಕ್ಕೆ ತಂದು ಕಟ್ಟುತ್ತಿದ್ದಳು.

"ಯಾಕ ಆಯಿ, ಇಲ್ಲಿಗಿ ತಂದಿ?"

"ಹೊತ್ತ ಮುಳುಗಿದ್ರ ಆ ಗ್ವಾಡಿ ಬಾಜೂಕ ನಿಲ್ಲವಲ್ಲವು. ಒಂದ್ರ ಮ್ಯಾಲ ಒಂದು ಬೀಳ್ತಾವ." ಹಗ್ಗ ಬಿಗಿಯುತ್ತಲೇ ನನ್ನ ಕಡೆ ನೋಡಿದಳು. "ಮಾಸ್ತರ, ಬಾಡಿಗಿ ಮಾತಾಡಿದ್ದು ಒಬ್ಬರಿಗಿ. ಇನ್ನೊಬ್ಬರು ಯಾರ್ರಿ?"

"ಯಾರೂ ಇಲ್ಲ."

"ನನಗ ಕಣ್ಣ ಮಂಜ ಆಗ್ಯಾವ, ಕಿವಿ ಅಲ್ಲ. ಒಬ್ಬರು ಬೇಡ್ತೀರಿ, ಒಬ್ಬರು ಹೂಂ ಅಂತೀರಿ. ನೆಂಟರಿದ್ರ ಇರ್ಲಿ ಬಿಡ್ರಿ. ಹಗಲಿ ಎಲ್ಲಿ ಇರ್ತಾರ ಅಂತ ಕೇಳ್ದೆ, ಅಷ್ಟ."

ಅಲ್ಲಿಯ ತನಕ, ಇದೆಲ್ಲ ನನ್ನ ತಲೆಯೊಳಗಿನದು ಎನ್ನುವ ಒಂದು ಕಿಂಡಿ ತೆರೆದಿಟ್ಟುಕೊಂಡಿದ್ದೆ. ಮುದುಕಿ ಅದನ್ನು ಮುಚ್ಚಿದಳು.

ಆದರೂ ಸಂಜೆ ಚಾಪೆ ಹಾಸಿದೆ. ಅದೇ ಬೇಡಿದೆ. ಅದೇ ಉತ್ತರ ಬಂತು.

ಆ ರಾತ್ರಿಯೋ ಅದರ ಮರುರಾತ್ರಿಯೋ, ಇಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ, ಮಾಣಿಕಪ್ಪನಿಗೆ ಲಕ್ವಾ ಹೊಡೆಯಿತು. ಬಜಾರಿನಲ್ಲಿ ಸುದ್ದಿ. ಬಲಗೈ ಬಲಗಾಲು ಹೋಗಿವೆ, ಬಾಯಿ ಸೊಟ್ಟ, ಮಾತು ಪೂರಾ ನಿಂತಿದೆ...

ಗಂಗಮ್ಮ ಮರಿ ಕಟ್ಟುತ್ತ ಹೇಳಿದಳು, "ಮಾತ ಬಿದ್ದು ಹೋಗ್ಯಾವಂತ ನೋಡ್ರಿ. ಆಡಿಕೊಂಡಿದ್ದ ಮನಷ್ಯಾ, ಈಗ ನೀರು ಬೇಕಂದ್ರ ಕೈ ಮಾಡ್ತಾನಂತ."

ನನ್ನ ಮುಖದ ಮೇಲೆ ಏನು ಕಂಡಳೋ. ಹಗ್ಗ ಕೆಳಗಿಟ್ಟಳು.

"ಹಂಗ ನಗಬ್ಯಾಡ್ರಿ ಮಾಸ್ತರ."

"ಆತ ನನ್ನ ತಮ್ಮಗ ಕುಡುಕ ಅನಿಸಿ ಮಣ್ಣಿಗಿ ಹಾಕಸ್ಯಾನ ಆಯಿ."

"ಆತು, ಮಾಡ್ಯಾನ. ಆದ್ರೂ ನಗಬ್ಯಾಡ್ರಿ. ನೀವು ನಕ್ಕಾಗ ನಿಮ್ಮ ಖೋಲ್ಯಾಗೂ ಏನೋ ಸಪ್ಪಳ ಆತು."

ಖೋಲಿಯ ಬಾಗಿಲು ಮುಚ್ಚಿತ್ತು, ಕೀಲಿ ನನ್ನ ಕಿಸೆಯಲ್ಲಿತ್ತು. ನನಗೆ ಏನೂ ಕೇಳಿಸಿರಲಿಲ್ಲ.

ಒಂದು ವಾರ ಕಳೆದಿರಬೇಕು. ಶಾಲೆ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ಒಬ್ಬ ಹೆಣ್ಣುಮಗಳು ತಲೆ ತುಂಬ ಸೆರಗು ಹೊದ್ದು ನಿಂತಿದ್ದಳು. ಮಾಣಿಕಪ್ಪನ ಹೆಂಡತಿ.

"ಮನಿತನ ಬರ್ತೀರೇನ್ರಿ?"

"ನಾ ಯಾಕ ಬರ್ಲಿ?"

"ಅವರು ಬೀಳೋದಕ್ಕ ಮೊದಲ ಊಟಕ್ಕ ಕುಂತಿದ್ರು. ಸುಮ್ಮಸುಮ್ಮನ ತುತ್ತು ಕೆಳಗಿಟ್ಟು ಅಂದ್ರು, 'ನಾಳಿಗಿ ಆ ಮಾಸ್ತರಗ ಕರಸು. ಅವನ ತಮ್ಮಂದೊಂದು ಮಾತ ಹೇಳೋದದ, ಪೊಲೀಸರಿಗೂ ಹೇಳಬೇಕು' ಅಂತ. ಯಾವ ಮಾತು ಅಂದೆ. 'ಅವನ ಮುಂದೇ ಹೇಳ್ತೀನಿ' ಅಂದ್ರು. ಕೈ ತೊಳೀಲಾಕ ಎದ್ದೋರು ಹಂಗೇ ಬಿದ್ರು."



ಹೋದೆ. ಮಾಣಿಕಪ್ಪ ಹೊರಸಿನ ಮೇಲೆ ಮಲಗಿದ್ದ. ನನ್ನನ್ನು ಕಂಡ ಕೂಡಲೇ ಎಡಗೈ ಚಾಚಿ ನನ್ನ ಅಂಗಿ ಹಿಡಿದ. ಬಾಯಿ ತೆರೆದ. ಒಳಗೆ ನಾಲಿಗೆ ಒಂದು ಕಡೆಗೆ ಬಿದ್ದುಕೊಂಡಿತ್ತು, ಮಾಂಸದ ತುಂಡಿನ ಹಾಗೆ. "ಆ... ಆ..." ಎಂದ. ಜೊಲ್ಲು ಇಳಿಯಿತು. ಕಣ್ಣಲ್ಲಿ ನೀರು ಬಂತು. ಮತ್ತೆ ಬಾಯಿ ತೆರೆದ, ಮತ್ತೆ ಅದೇ.

"ಹೇಳ್ರಿ," ಎಂದೆ. "ಸಾಮು ಕುಡದಿದ್ನೇನು? ಇಲ್ಲಂದ್ರ ತಲಿ ಅಲ್ಲಾಡಸ್ರಿ ಸಾಕು."

ತಲೆ ಅಲ್ಲಾಡಿತು. ಮೇಲೆ ಕೆಳಗೆ, ಅತ್ತ ಇತ್ತ, ತನ್ನಷ್ಟಕ್ಕೆ ತಾನೇ ಅಲ್ಲಾಡುತ್ತಲೇ ಇತ್ತು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಓದುಬರಹ ಬರುತ್ತಿರಲಿಲ್ಲ ಅವನಿಗೆ, ಬಲಗೈಯಂತೂ ಸತ್ತು ಮಗ್ಗುಲಿಗೆ ಬಿದ್ದಿತ್ತು.

ಸಾಮುವನ್ನು ಕುಡುಕನೆಂದದ್ದು ಲೋಕದಲ್ಲಿ ಒಂದೇ ನಾಲಿಗೆ. ಅಲ್ಲ ಎಂದು ಹೇಳಬೇಕಾದದ್ದೂ ಅದೇ ನಾಲಿಗೆ. ಅದನ್ನು ಸಾಯಿಸು ಎಂದು ನಾನು ಬೇಡಿದ್ದೆ. ಎದುರಿನ ಚಾಪೆಯ ಮೇಲೆ ಇದ್ದದ್ದಕ್ಕೆ ಇದು ಮೊದಲೇ ಗೊತ್ತಿತ್ತೇ?

ಖೋಲಿಗೆ ಬರುವಾಗ ಕತ್ತಲಾಗಿತ್ತು. ಖಣಿಯ ನೀರಿನಲ್ಲಿ ಕಪ್ಪೆಗಳು ಸುಮ್ಮನಿದ್ದವು. ಅದು ಮಳೆಗಾಲ, ಅವು ಸುಮ್ಮನಿರುವ ಕಾಲವಲ್ಲ.

ಅವತ್ತು ನಾನು ಎದುರಿನ ಚಾಪೆ ಹಾಸಲಿಲ್ಲ. ಇದನ್ನು ಆಣೆ ಮಾಡಿ ಹೇಳಬಲ್ಲೆ. ನನ್ನದೊಂದನ್ನೇ ಬಿಡಿಸಿ, ಗೋಡೆಗೆ ಮುಖ ಮಾಡಿ ಕೂತೆ.

"ಸ್ವಾಮೀ, ಆತನಿಗೆ ಮಾತು ಕೊಡು. ಆತನ ಮೇಲಿನ ಕರುಣೆಗಲ್ಲ. ಒಂದು ದಿನಕ್ಕೆ ಕೊಡು, ಒಂದು ಮಾತಿಗೆ ಕೊಡು. ಆಮೇಲೆ ಬೇಕಾದರೆ ಕಿತ್ತುಕೋ."

ಉತ್ತರವಿಲ್ಲ.

ಮತ್ತೆ ಬೇಡಿದೆ. ಅತ್ತು ಬೇಡಿದೆ. ಏನೂ ಇಲ್ಲ. ಕಂದೀಲಿನ ಬತ್ತಿ ಚಟಚಟ ಎಂದಿತು.

ಆಗ ಬಾರೂದಿನ ವಾಸನೆ ಬಂತು. ಬೆನ್ನ ಹಿಂದೆ ಚಾಪೆ ಬಿಚ್ಚಿದ ಸಪ್ಪಳ... ಒಣ ಈಚಲು ಗರಿ ಫರ್ಸಿಯ ಮೇಲೆ ಸರ್ರೆಂದು ಉರುಳಿದ ಸಪ್ಪಳ. ಆಮೇಲೆ ಯಾರೋ ಕೂತರು. ಮೊಣಕಾಲು ಲಟಕ್ ಎಂದದ್ದೂ ಕೇಳಿಸಿತು.

ನಾನು ತಿರುಗಲಿಲ್ಲ. ತಿರುಗಲು ಆಗಲಿಲ್ಲ.

ಅದು ಪ್ರಾರ್ಥನೆ ಶುರು ಮಾಡಿತು.

ಯಾವ ಭಾಷೆ ಎಂದು ಹೇಳಲಾರೆ. ಮಾತುಗಳು ಬಿಡಿಬಿಡಿಯಾಗಿ ಕಿವಿಗೆ ಬೀಳಲಿಲ್ಲ. ಆದರೆ ಆ ಏರಿಳಿತ ನನಗೆ ಚೆನ್ನಾಗಿ ಗೊತ್ತಿತ್ತು. ಮೊದಲು ಕರೆಯುವುದು, ಆಮೇಲೆ ಹೊಗಳುವುದು, ಆಮೇಲೆ ದನಿ ತಗ್ಗಿಸಿ ಬೇಡುವುದು. ಮಾಳಿಗೆಯ ಮೇಲೆ ಎಷ್ಟು ಸಂಜೆ ಎದುರಿನವನ ಗೊಣಗಾಟ ಅರ್ಧಂಬರ್ಧ ಕೇಳುತ್ತ, ನನ್ನದೇ ಯೋಚನೆಯಲ್ಲಿ ಮುಳುಗಿ ಕೂತಿರಲಿಲ್ಲ ನಾನು? ದನಿ ನಿಂತ ಜಾಗದಲ್ಲಿ ಬಾಯಿ ತನ್ನಷ್ಟಕ್ಕೆ ತಾನೇ ತೆರೆಯುತ್ತಿತ್ತು. ನಮ್ಮ ಕೂಟದಲ್ಲಿ ಎಲ್ಲರದೂ ಅದೇ ಕಥೆ.

ದನಿ ನಿಂತಿತು.

"ಆಮೆನ್," ಎಂದೆ.

ಅಂದ ಮೇಲೆ ನನಗೆ ಎಚ್ಚರವಾಯಿತು. ಕೈಯಿಂದ ಬಾಯಿ ಮುಚ್ಚಿಕೊಂಡೆ. ಹಿಂದೆ ಯಾರೋ ನಿಧಾನ ಎದ್ದರು. ಕೆಲಸ ಮುಗಿದವರು ಏಳುವ ಹಾಗೆ. ಅಗುಳಿ ಹಾಕಿದ್ದ ಬಾಗಿಲು ತೆರೆಯಲಿಲ್ಲ, ಆದರೆ ವಾಸನೆ ಬಾಗಿಲಿನ ಕಡೆಗೆ ಹೋಯಿತು, ಅಲ್ಲಿಂದ ಆಚೆ ಇಲ್ಲವಾಯಿತು.

ನಾನು ಬರಿಗಾಲಲ್ಲಿ ಗಂಗಮ್ಮನ ಅಂಗಳಕ್ಕೆ ಬಂದು ಮರಿಗಳ ನಡುವೆ ಕೂತೆ. ಆಕೆ ಎದ್ದೇ ಇದ್ದಳು. ಕಂಬಳಿ ಹೊದಿಸಿದಳು. ಆಮೇಲೆ ತಾನಾಗೇ ಹೇಳಿದಳು.

"ಇವತ್ತ ಉಲ್ಟಾ ಇತ್ತಲ್ರಿ ಮಾಸ್ತರ. ಅವ ಬೇಡಿದ, ನೀವು ಹೂಂ ಅಂದ್ರಿ."

"ಏನ್ ಬೇಡಿದ ಆಯಿ? ನಿನಗ ಕೇಳಸ್ತೇನು?"

"ನನಗ ಏನ್ ಕೇಳ್ತೀರಿ. ನಾ ಗ್ವಾಡಿ ಆಚಿಗಿ. ಒಳಗ ಕುಂತು ಹೂಂ ಅಂದೋರು ನೀವು."

ಇದನ್ನು ಕೇಳಿದವರೆಲ್ಲ, ಮಾಣಿಕಪ್ಪ ಆ ರಾತ್ರಿಯೇ ಸತ್ತಿರಬೇಕು ಎನ್ನುತ್ತಾರೆ. ಇಲ್ಲ. ವರ್ಷಗಟ್ಟಲೆ ಬದುಕಿದ, ಹಾಗೇ ಬಾಯಿ ತೆರೆಯುತ್ತ ಮುಚ್ಚುತ್ತ. ಅವನನ್ನು ಕ್ಷಮಿಸಿದೆಯಾ ಎಂದರೆ, ಅದೂ ಇಲ್ಲ. ಅವ್ವ ಗಂಟೆಯ ಆಸೆಯಲ್ಲೇ ಮುದಿಯಾಗಿ ತೀರಿಕೊಂಡಳು. ನನಗೆ ಕೆಡುಕೇನೂ ಆಗಲಿಲ್ಲ. ಮದುವೆಯಾಯಿತು, ಇಬ್ಬರು ಮಕ್ಕಳಾದರು, ಹೆಡ್‌ಮಾಸ್ತರನಾದೆ. ಎಲ್ಲರೂ ಗಟ್ಟಿಯಾಗಿದ್ದೇವೆ.

ಈಗ ಜಹೀರಾಬಾದಿನಲ್ಲಿದ್ದೇನೆ. ಒಂದು ಭಾನುವಾರವೂ ಆರಾಧನೆ ತಪ್ಪಿಸುವುದಿಲ್ಲ, ವಾರದ ನಡುವಿನ ಕೂಟಗಳನ್ನೂ ಬಿಡುವುದಿಲ್ಲ. ಕಾಲೇಜು ಬಿಟ್ಟು ಇಷ್ಟು ವರ್ಷವಾದರೂ ನಂಬಿಕೆ ಹೇಗೆ ಉಳಿಸಿಕೊಂಡಿರಿ ಎಂದು ಹುಡುಗರು ಕೇಳುತ್ತಾರೆ. ಒಬ್ಬರೇ ಪ್ರಾರ್ಥಿಸಬೇಡಿ ಎನ್ನುತ್ತೇನೆ. ಅವರು ತಲೆಯಾಡಿಸಿ ಹೋಗುತ್ತಾರೆ.

ಆದರೆ ಕೆಲವು ರಾತ್ರಿ, ಮನೆಯವರೆಲ್ಲ ಮಲಗಿ ಉಸಿರಾಡುವುದನ್ನು ಕೇಳುತ್ತ ಎಚ್ಚರವಾಗಿರುತ್ತೇನೆ. ಹೆಂಡತಿಯದು, ಮಗಳದು, ಮಗನದು... ಒಂದೊಂದನ್ನೇ ಗುರುತಿಸುತ್ತೇನೆ. ಆ ರಾತ್ರಿ ಅದು ಬೇಡಿದ್ದು ಇವರಲ್ಲಿ ಯಾರನ್ನೋ, ಅಥವಾ ಇನ್ನೇನನ್ನೋ, ನನಗೆ ಗೊತ್ತಿಲ್ಲ. ಕೊಡಲು ಒಪ್ಪಿದ್ದೇನೆ ಎನ್ನುವುದಷ್ಟೇ ಗೊತ್ತು.